ಹೆಸರಿನ ಶೋಗುನ್‌ನ ಬದುಕನ್ನು ಬರೆಯುವ ಬಗೆ: ಮಿನಾಮೊತೊ ಸಾನೆತೊಮೊನ ನಿದರ್ಶನ

ಪೀಠದಲ್ಲಿ ಒಬ್ಬ ಕುಳಿತಿದ್ದು ಆಡಳಿತವನ್ನು ಮತ್ತೊಬ್ಬ ನಡೆಸುವ ಪದ್ಧತಿ ಮಧ್ಯಯುಗದ ಜಪಾನಿನಲ್ಲಿ ಬಹುಮಟ್ಟಿಗೆ ರೂಢಿಯೇ ಆಗಿತ್ತು. ಕ್ಯೋಟೋದಲ್ಲಿ ಚಕ್ರವರ್ತಿಯ ಹಿಂದೆ ನಿವೃತ್ತ ಚಕ್ರವರ್ತಿಯಿದ್ದ. ಕಾಮಾಕುರಾದಲ್ಲಿ ಯೋಧರ ಸರ್ಕಾರದ ಮುಖ್ಯಸ್ಥನಾದ ಶೋಗುನ್‌ನ ಹಿಂದೆ ಹೋಜೋ ಮನೆತನದ ಶಿಕ್ಕೆನ್, ಅಂದರೆ ರಾಜಪ್ರತಿನಿಧಿ, ಇದ್ದ. ಇಂಥ ಅರಸರನ್ನು ಇತಿಹಾಸದ ಪುಸ್ತಕಗಳು ‘ಕೈಗೊಂಬೆ’ ಎಂದು ಕರೆದು ಒಂದೆರಡು ಸಾಲುಗಳಲ್ಲಿ ಮುಗಿಸಿಬಿಡುವುದುಂಟು. ಆದರೆ ಅವರ ಬದುಕನ್ನು ಸಾವಧಾನವಾಗಿ ಬರೆಯಹೊರಟವರಿಗೆ ಸಾಮಗ್ರಿ ಸಾಕಷ್ಟಿದೆ, ಅದನ್ನು ಓದುವ ಕ್ರಮ ಗೊತ್ತಿರಬೇಕು ಅಷ್ಟೆ. ಕಾಮಾಕುರಾದ ಮೂರನೆಯ ಶೋಗುನ್ ಮಿನಾಮೊತೊ ನೊ ಸಾನೆತೊಮೊನ (1192–1219) ಬದುಕನ್ನು ಮುಂದಿಟ್ಟುಕೊಂಡು ಆ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ. ಲೇಖನ ಬರೆಯುವ ವಿದ್ಯಾರ್ಥಿಗಳಿಗೂ, ಕನ್ನಡದ ವಿಶ್ವಕೋಶಗಳಿಗೆ ನಮೂದು ಸಿದ್ಧಪಡಿಸುವವರಿಗೂ ಇದು ಪ್ರಯೋಜನಕ್ಕೆ ಬರಲಿ ಎಂಬುದು ನನ್ನ ಆಸೆ.

ಎಲ್ಲಕ್ಕಿಂತ ಮೊದಲು, ಯಾವ ಪ್ರಶ್ನೆಯನ್ನು ಹಿಡಿದು ಹೊರಡುತ್ತೀರಿ ಎಂಬುದನ್ನು ತೀರ್ಮಾನಿಸಿಕೊಳ್ಳಿ. ‘ಇವನ ಕೈಯಲ್ಲಿ ಎಷ್ಟು ಅಧಿಕಾರವಿತ್ತು?’ ಎಂದು ಕೇಳಿದರೆ ‘ಅಷ್ಟೇನೂ ಇರಲಿಲ್ಲ’ ಎಂಬ ಉತ್ತರ ಬಂದು ವಿಚಾರ ಅಲ್ಲಿಗೇ ನಿಂತುಹೋಗುತ್ತದೆ. ‘ಇವನಿಲ್ಲದೆ ಯಾವ ಕೆಲಸ ನಡೆಯುತ್ತಿರಲಿಲ್ಲ?’ ಎಂದು ಕೇಳಿ ನೋಡಿ. ಅಧಿಕಾರ ನಡೆಸುತ್ತಿದ್ದವರು ಆ ಹುಡುಗನನ್ನು ಯಾಕೆ ಪೀಠದ ಮೇಲೆ ಕೂರಿಸಿದರು, ಯಾಕೆ ಕಾಯ್ದುಕೊಂಡರು, ಅವನು ಸತ್ತ ಮೇಲೆ ಯಾಕೆ ಅಷ್ಟು ಪೇಚಾಡಿದರು ಎಂಬುದೆಲ್ಲ ಆಗ ತಾನಾಗಿಯೇ ಹೊರಬೀಳುತ್ತದೆ. ಮುಂದಿನ ಎಲ್ಲ ಹಂತಗಳೂ ಈ ಒಂದು ಪ್ರಶ್ನೆಗೆ ಉತ್ತರ ಕೂಡಿಸುವ ದಾರಿಗಳೇ.

ಇಸವಿ ಮತ್ತು ವಯಸ್ಸಿನ ಪಟ್ಟಿ

ಬರೆಯಲು ಕೂರುವ ಮೊದಲು ಒಂದು ಹಾಳೆಯಲ್ಲಿ ಇಸವಿಯನ್ನೂ, ಆ ವರ್ಷ ನಿಮ್ಮ ವ್ಯಕ್ತಿಗೆ ಆಗಿದ್ದ ವಯಸ್ಸನ್ನೂ, ಅವನ ಸುತ್ತಲಿದ್ದ ಹಿರಿಯರ ವಯಸ್ಸನ್ನೂ ಅಕ್ಕಪಕ್ಕದಲ್ಲಿ ಬರೆದುಕೊಳ್ಳಿ. ಹೆಸರಿನ ಅರಸರ ವಿಷಯದಲ್ಲಿ ಅರ್ಧ ಸತ್ಯ ಈ ಹಾಳೆಯಲ್ಲೇ ಕಾಣಿಸುತ್ತದೆ. ಸಾನೆತೊಮೊ ಹುಟ್ಟಿದ್ದು ಅವನ ತಂದೆ ಯೋರಿತೊಮೊ ಶೋಗುನ್ ಪದವಿ ಪಡೆದ ವರ್ಷವೇ, 1192ರಲ್ಲಿ. ತಂದೆ 1199ರಲ್ಲಿ ತೀರಿಕೊಂಡಾಗ ಮಗುವಿಗೆ ಆರು ವರ್ಷ. ಹತ್ತು ವರ್ಷ ದೊಡ್ಡವನಾಗಿದ್ದ ಅಣ್ಣ ಯೊರಿಯಿಯೆ ಎರಡನೆಯ ಶೋಗುನ್ ಆದ. 1203ರಲ್ಲಿ ಅವನು ಕಾಯಿಲೆ ಬಿದ್ದಾಗ ಅವನ ಬೆಂಬಲಕ್ಕಿದ್ದ ಹಿಕಿ ಮನೆತನವನ್ನು ಹೋಜೋಗಳು ನಿರ್ನಾಮ ಮಾಡಿದರು, ಅವನನ್ನು ಇಝು ಪ್ರಾಂತದ ಶುಝೆಂಜಿಯಲ್ಲಿ ಬಂಧನದಲ್ಲಿಟ್ಟರು, ಮರುವರ್ಷ ಅವನು ಅಲ್ಲೇ ಕೊಲೆಯಾದ. ಹೀಗೆ ಹನ್ನೊಂದು ವರ್ಷದ ಬಾಲಕ ಶೋಗುನ್ ಆದಾಗ ಅವನ ತಾತ ಹೋಜೋ ತೊಕಿಮಾಸಾನಿಗೆ ಸುಮಾರು ಅರವತ್ತೈದು, ತಾಯಿ ಹೋಜೋ ಮಸಾಕೊಗೆ ನಲವತ್ತಾರು, ಸೋದರಮಾವ ಯೋಶಿತೊಕಿಗೆ ನಲವತ್ತು. ಈ ಅಂಕಿಗಳನ್ನು ಒಂದರ ಕೆಳಗೊಂದು ಬರೆದು ನೋಡಿದ ಮೇಲೆ ಆ ವರ್ಷಗಳ ಆಜ್ಞೆಗಳನ್ನು ಯಾರು ಹೊರಡಿಸುತ್ತಿದ್ದರು ಎಂದು ಪ್ರತ್ಯೇಕವಾಗಿ ವಾದಿಸಬೇಕಾಗುವುದಿಲ್ಲ. ಅದೇ ಹಾಳೆ ಇನ್ನೊಂದು ವಿಷಯವನ್ನೂ ಹೇಳುತ್ತದೆ: 1213ರ ಹೊತ್ತಿಗೆ ಅವನು ಇಪ್ಪತ್ತು ದಾಟಿದ ಯುವಕ. ಬಾಲಕನ ಕುರಿತು ನಿಜವಾದದ್ದನ್ನು ಯುವಕನಿಗೂ ಹಚ್ಚಿಬಿಡುವುದು ಇಂಥ ಬರಹಗಳಲ್ಲಿ ಪದೇಪದೇ ಕಾಣುವ ದೋಷ.

ವಯಸ್ಸು ಎಣಿಸುವಾಗ ಎಚ್ಚರ ಬೇಕು. ಅಂದಿನ ಜಪಾನಿನಲ್ಲಿ ಹುಟ್ಟಿದ ಕೂಡಲೇ ಮಗುವಿಗೆ ಒಂದು ವರ್ಷ, ಹೊಸ ವರ್ಷ ಬಂದಾಗಲೆಲ್ಲ ಇನ್ನೊಂದು. ಹಾಗಾಗಿ ಆಕರಗಳು ಸಾನೆತೊಮೊ ಇಪ್ಪತ್ತೆಂಟರಲ್ಲಿ ಸತ್ತ ಎನ್ನುತ್ತವೆ, ನಮ್ಮ ಲೆಕ್ಕದಲ್ಲಿ ಅದು ಇಪ್ಪತ್ತಾರು. ಯಾವ ಲೆಕ್ಕ ಹಿಡಿದಿದ್ದೀರಿ ಎಂದು ಮೊದಲೇ ತಿಳಿಸಿ, ಕೊನೆಯವರೆಗೂ ಅದನ್ನೇ ಪಾಲಿಸಿ. ಪಂಚಾಂಗ ಚಾಂದ್ರಮಾನದ್ದು, ಅಧಿಕ ಮಾಸವೂ ಇತ್ತು. ಅದನ್ನು ಅರಿಯುವುದು ಕನ್ನಡ ಓದುಗರಿಗೆ ಕಷ್ಟವಲ್ಲ. ಆದರೆ ವರ್ಷದ ಕೊನೆಯ ತಿಂಗಳು ಹಲವೊಮ್ಮೆ ಕ್ರಿಸ್ತಶಕದ ಮುಂದಿನ ಜನವರಿಗೆ ಜಾರುತ್ತದೆ ಎಂಬುದನ್ನು ನೆನಪಿಡಬೇಕು. ಸಾನೆತೊಮೊನ ಕವನ ಸಂಗ್ರಹದ ಹಳೆಯ ಹಸ್ತಪ್ರತಿಯ ಮೇಲಿರುವ ಕೆನ್‌ರ್ಯಾಕು ಎಂಬ ಶಕೆಯ ಮೂರನೆಯ ವರ್ಷದ ಹನ್ನೆರಡನೆಯ ತಿಂಗಳ ಹದಿನೆಂಟನೆಯ ದಿನವನ್ನು ವಾಡಿಕೆಯಲ್ಲಿ 1213 ಎನ್ನುತ್ತಾರೆ. ಕಟ್ಟುನಿಟ್ಟಾಗಿ ಲೆಕ್ಕ ಹಾಕಿದರೆ ಅದು 1214ರ ಜನವರಿಯ ಕೊನೆ.

ಹೆಸರುಗಳ ಬಗ್ಗೆಯೂ ಇಲ್ಲೇ ಒಂದು ಮಾತು. ಮನೆತನದ ಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ ಎಂಬ ಜಪಾನಿ ಕ್ರಮವನ್ನೇ ಉಳಿಸಿಕೊಳ್ಳಿ. ಹೋಜೋ, ಮಿನಾಮೊತೊ, ಫುಜಿವಾರಾ ಮುಂತಾದವನ್ನು ಬರೆಯುವಾಗ ದೀರ್ಘ ಸ್ವರಗಳನ್ನು ಕನ್ನಡ ಲಿಪಿ ಚೆನ್ನಾಗಿ ಹಿಡಿಯಬಲ್ಲದು. ಒಮ್ಮೆ ಆರಿಸಿಕೊಂಡ ಕಾಗುಣಿತವನ್ನು ಬರಹದ ನಡುವೆ ಬದಲಾಯಿಸಬೇಡಿ.

ಆಕರಗಳನ್ನು ಬರೆದವರು ಯಾರು

ಸಾನೆತೊಮೊನ ಬದುಕಿಗೆ ಮುಖ್ಯ ಆಕರ ‘ಅಜುಮಾ ಕಾಗಾಮಿ’. 1180ರಿಂದ 1266ರವರೆಗಿನ ಕಾಮಾಕುರಾ ಸರ್ಕಾರದ ಘಟನೆಗಳನ್ನು ದಿನಚರಿಯ ರೂಪದಲ್ಲಿ ಅದು ದಾಖಲಿಸುತ್ತದೆ. ಮಳೆ, ಗ್ರಹಣ, ಪೂಜೆ, ಮೆರವಣಿಗೆಯಲ್ಲಿ ಯಾರ ಹಿಂದೆ ಯಾರು ನಡೆದರು ಎಂಬುದೆಲ್ಲ ಅದರಲ್ಲಿದೆ. ದಿನದಿನದ ನಮೂದುಗಳನ್ನು ಓದುತ್ತಾ ಹೋದರೆ ಅವೆಲ್ಲ ಆಯಾ ದಿನವೇ ಬರೆದವು ಎಂಬ ಭಾವನೆ ಬಂದುಬಿಡುತ್ತದೆ. ವಾಸ್ತವದಲ್ಲಿ ಅದನ್ನು ಸಂಕಲಿಸಿದ್ದು 1300ರ ಆಸುಪಾಸಿನಲ್ಲಿ, ಹೋಜೋಗಳ ಆಳ್ವಿಕೆ ಗಟ್ಟಿಯಾಗಿದ್ದ ಕಾಲದಲ್ಲಿ. ಮಿನಾಮೊತೊ ಮನೆತನದ ಕೊನೆಯ ಶೋಗುನ್ ಕಾವ್ಯದಲ್ಲೂ ಚೆಂಡಾಟದಲ್ಲೂ ಮುಳುಗಿ ಯೋಧಧರ್ಮವನ್ನು ಮರೆತಿದ್ದ ಎಂಬ ಚಿತ್ರದಿಂದ ಯಾರಿಗೆ ಲಾಭವಿತ್ತು ಎಂಬುದನ್ನು ಪ್ರತಿ ಪುಟದಲ್ಲೂ ಕೇಳಿಕೊಳ್ಳಬೇಕು.

ಎರಡನೆಯದು ‘ಗುಕಾನ್‌ಶೋ’. ತೆಂದಾಯ್ ಪಂಥದ ಹಿರಿಯ ಭಿಕ್ಷು ಜಿಯೆನ್ 1220ರ ಸುಮಾರಿಗೆ, ಅಂದರೆ ಸಾನೆತೊಮೊ ಸತ್ತ ಒಂದೆರಡು ವರ್ಷಗಳಲ್ಲೇ, ಕ್ಯೋಟೋದಲ್ಲಿ ಕುಳಿತು ಬರೆದ ಇತಿಹಾಸ ಅದು. ಅದು ಘಟನೆಗಳಿಗೆ ಹತ್ತಿರದ್ದು, ಆದರೆ ಕಾಮಾಕುರಾಕ್ಕೆ ದೂರದ್ದು. ಮೂರನೆಯದು ಆಸ್ಥಾನಿಕರ ದಿನಚರಿಗಳು, ಅದರಲ್ಲೂ ಕವಿ ಫುಜಿವಾರಾ ನೊ ತೇಕಾನ ‘ಮೆಯ್‌ಗೆತ್ಸುಕಿ’. ಈ ಮೂರನ್ನೂ ಒಂದರ ಪಕ್ಕ ಒಂದಿಟ್ಟು ಓದುವುದೇ ಕೆಲಸದ ಜೀವಾಳ.

ಅದರ ಫಲವನ್ನು 1203ರ ಘಟನೆಯಲ್ಲೇ ನೋಡಬಹುದು. ಆ ವರ್ಷದ ಒಂಬತ್ತನೆಯ ತಿಂಗಳ ಆರಂಭದಲ್ಲಿ ಕಾಮಾಕುರಾದಿಂದ ಹೊರಟ ದೂತ ಏಳನೆಯ ದಿನ ಕ್ಯೋಟೋ ತಲುಪಿದ. ಶೋಗುನ್ ಯೊರಿಯಿಯೆ ತಿಂಗಳ ಮೊದಲ ದಿನವೇ ಕಾಯಿಲೆಯಿಂದ ತೀರಿಕೊಂಡಿದ್ದಾನೆ, ತಮ್ಮನಿಗೆ ಪದವಿ ಕೊಡಬೇಕು ಎಂಬುದು ಅವನು ತಂದ ಸುದ್ದಿ. ಆಸ್ಥಾನಿಕರ ದಿನಚರಿಗಳು ಅದನ್ನು ಹಾಗೇ ಬರೆದಿಟ್ಟಿವೆ. ಆದರೆ ಯೊರಿಯಿಯೆ ಆಗ ಬದುಕಿದ್ದ. ಹೋಜೋಗಳು ಹಿಕಿ ಮನೆತನವನ್ನು ಮುಗಿಸಿದ್ದು ಎರಡನೆಯ ದಿನ. ದೂತನ ಪ್ರಯಾಣದ ದಿನಗಳನ್ನು ಹಿಂದಕ್ಕೆ ಎಣಿಸಿದರೆ ಅವನು ಹೊರಟದ್ದು ಸರಿಸುಮಾರು ಅದೇ ಹೊತ್ತಿಗೆ ಎಂದಾಗುತ್ತದೆ. ಹಿಕಿಗಳು ಸಂಚು ಹೂಡಿದರು, ಹೋಜೋಗಳು ಅನಿವಾರ್ಯವಾಗಿ ತಿರುಗಿಬಿದ್ದರು ಎಂದು ‘ಅಜುಮಾ ಕಾಗಾಮಿ’ ಹೇಳುವ ಕಥೆಯ ಬುಡವೇ ಈ ಒಂದು ತಾರೀಖಿನಿಂದ ಅಲುಗಾಡುತ್ತದೆ. ಆ ತಾರೀಖು ಸಿಗುವುದು ಕ್ಯೋಟೋದ ದಿನಚರಿಗಳಲ್ಲಿ, ಗೆದ್ದವರ ವೃತ್ತಾಂತದಲ್ಲಲ್ಲ.

ರುಜು ಯಾರದು, ಹುಡುಗ ಯಾರ ಮನೆಯಲ್ಲಿದ್ದ

ವೃತ್ತಾಂತಗಳ ಜೊತೆಗೆ ಆ ಕಾಲದ ಆಜ್ಞಾಪತ್ರಗಳೂ ಉಳಿದಿವೆ. ಅವುಗಳಲ್ಲಿ ಒಕ್ಕಣೆಗಿಂತ ಮೊದಲು ರುಜುವನ್ನು ನೋಡಿ. ಬಾಲಕ ಶೋಗುನ್‌ನ ಮೊದಲ ವರ್ಷಗಳಲ್ಲಿ, 1203ರಿಂದ 1205ರವರೆಗೆ, ಭೂಮಿಯ ಹಕ್ಕಿನ ಪತ್ರಗಳು ತಾತ ತೊಕಿಮಾಸಾ ಒಬ್ಬನ ರುಜುವಿನಲ್ಲಿ ಹೊರಟಿವೆ. 1209ರಲ್ಲಿ ಸಾನೆತೊಮೊ ಆಸ್ಥಾನದ ಮೂರನೆಯ ಶ್ರೇಣಿಗೆ ಏರಿದ. ಆ ಶ್ರೇಣಿಯವರಿಗೆ ಮಾಂದೊಕೊರೊ ಎಂಬ ಸ್ವಂತ ಆಡಳಿತ ಕಚೇರಿ ತೆರೆಯುವ ಅರ್ಹತೆಯಿತ್ತು. ಅಲ್ಲಿಂದ ಮುಂದೆ ಪತ್ರಗಳು ಶೋಗುನ್‌ನ ಮಾಂದೊಕೊರೊ ಹೆಸರಿನಲ್ಲಿ, ಹಲವು ಅಧಿಕಾರಿಗಳ ರುಜುವಿನೊಂದಿಗೆ ಹೊರಡತೊಡಗಿದವು. 1216ರಲ್ಲಿ ಆ ಕಚೇರಿಯ ಮೇಲಧಿಕಾರಿಗಳ ಸಂಖ್ಯೆ ಒಂಬತ್ತಕ್ಕೆ ಏರಿತು, ಯೋಶಿತೊಕಿ ಅವರಲ್ಲೊಬ್ಬ. ಹೋಜೋಗಳ ಹಿಡಿತ ಇದರಿಂದ ಸಡಿಲವಾಯಿತು ಎಂದು ನಾನು ಹೇಳುವುದಿಲ್ಲ. ಆದರೆ ಪ್ರಾಯಕ್ಕೆ ಬಂದ ಶೋಗುನ್ ತನ್ನ ಕಚೇರಿಯನ್ನು ಬೆಳೆಸುತ್ತಿದ್ದ ಎಂಬುದಕ್ಕೆ ಇದು ಗಟ್ಟಿ ಸಾಕ್ಷಿ, ಮತ್ತು ಕಾವ್ಯದಲ್ಲಿ ಕಳೆದುಹೋದ ಕೈಲಾಗದವನ ಚಿತ್ರಕ್ಕೆ ಅದು ಹೊಂದುವುದಿಲ್ಲ.

ರುಜು ಮುಖ್ಯವಾದಷ್ಟೇ ಆ ವ್ಯಕ್ತಿ ಖುದ್ದಾಗಿ ಎಲ್ಲಿದ್ದ ಎಂಬುದೂ ಮುಖ್ಯ. ಯಾವ ರಾತ್ರಿ ಅವನು ಯಾರ ಮನೆಯಲ್ಲಿ ಮಲಗಿದ್ದ ಎಂಬುದನ್ನು ಗುರುತು ಹಾಕಿಕೊಳ್ಳುತ್ತಾ ಹೋಗಿ. 1205ರಲ್ಲಿ ತೊಕಿಮಾಸಾನ ಕಿರಿಯ ಹೆಂಡತಿ ಮಾಕಿ ತನ್ನ ಅಳಿಯ ಹಿರಾಗಾ ತೊಮೊಮಾಸಾನನ್ನು ಶೋಗುನ್ ಮಾಡಲು ಸಂಚು ನಡೆಸಿದ್ದಾಳೆ ಎಂಬ ಸುದ್ದಿ ಹಬ್ಬಿತು. ಹನ್ನೆರಡು ವರ್ಷದ ಸಾನೆತೊಮೊ ಆಗ ಇದ್ದದ್ದು ತೊಕಿಮಾಸಾನ ಮನೆಯಲ್ಲೇ. ಮಸಾಕೊ ಯೋಧರನ್ನು ಕಳಿಸಿ ಮಗನನ್ನು ಅಲ್ಲಿಂದ ಕರೆಸಿ ಯೋಶಿತೊಕಿಯ ಮನೆಗೆ ಸೇರಿಸಿದಳು. ಆಮೇಲೆ ನಡೆದದ್ದನ್ನು ನಿಧಾನವಾಗಿ ಓದಬೇಕು: ತೊಕಿಮಾಸಾ ತನ್ನ ರಕ್ಷಣೆಗೆಂದು ಕೂಡಿಹಾಕಿದ್ದ ಯೋಧರೂ ಹುಡುಗ ಹೋದ ಕಡೆಗೇ ನಡೆದರು. ಕತ್ತಿ ಎತ್ತುವ ಪ್ರಸಂಗವೇ ಬರಲಿಲ್ಲ. ತೊಕಿಮಾಸಾ ತಲೆ ಬೋಳಿಸಿಕೊಂಡು ಇಝುಗೆ ಹೋದ, ಹತ್ತು ವರ್ಷ ಬದುಕಿದ್ದರೂ ಮತ್ತೆ ರಾಜಕಾರಣಕ್ಕೆ ಬರಲಿಲ್ಲ. ಕಾಮಾಕುರಾ ಸರ್ಕಾರವನ್ನು ಕಟ್ಟಿದವರಲ್ಲಿ ಒಬ್ಬನಾದ ಆ ಮುದುಕನ ಅಧಿಕಾರ ಒಂದು ದಿನದಲ್ಲಿ ಕರಗಿಹೋಯಿತು, ಏಕೆಂದರೆ ಒಬ್ಬ ಬಾಲಕ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದ.

ಇದೇ ಸಂಗತಿ 1213ರಲ್ಲಿ ರಕ್ತದೊಂದಿಗೆ ಮರುಕಳಿಸಿತು. ಯೋರಿತೊಮೊನ ಕಾಲದ ಹಿರಿಯ ಯೋಧ ವಾದಾ ಯೋಶಿಮೋರಿ ಹೋಜೋಗಳ ಮೇಲೆ ದಂಗೆಯೆದ್ದು ಐದನೆಯ ತಿಂಗಳ ಎರಡನೆಯ ದಿನ ಶೋಗುನ್‌ನ ಅರಮನೆಯನ್ನೇ ಮುತ್ತಿದ. ಅರಮನೆಗೆ ಬೆಂಕಿ ಬಿತ್ತು. ಯೋಶಿತೊಕಿಯೂ ಸರ್ಕಾರದ ಹಿರಿಯ ಅಧಿಕಾರಿ ಓಏ ನೊ ಹಿರೊಮೊತೊನೂ ಸಾನೆತೊಮೊನನ್ನು ಕರೆದುಕೊಂಡು ಯೋರಿತೊಮೊನ ಸಮಾಧಿಯ ಬಳಿಯ ಹೊಕ್ಕೆದೋ ಮಂದಿರಕ್ಕೆ ಸರಿದರು. ಮರುದಿನ ಪಶ್ಚಿಮ ಸಾಗಾಮಿಯಿಂದ ಬಂದ ಯೋಧರ ಗುಂಪುಗಳು ಯಾರ ಕಡೆ ಸೇರಬೇಕೆಂದು ತಿಳಿಯದೆ ನಿಂತಿದ್ದವು. ಎರಡೂ ಕಡೆ ಇದ್ದವರು ಕಾಮಾಕುರಾದವರೇ, ಪರಿಚಿತರೇ. ಆಗ ಅವರ ಮುಂದೆ ಹಿಡಿದದ್ದು ಸಾನೆತೊಮೊ ತನ್ನ ಕೈಯಾರೆ ಅಂಕಿತ ಹಾಕಿದ ಆಜ್ಞಾಪತ್ರ. ಅಂಕಿತವನ್ನು ನೋಡಿದ ಮೇಲೆ ಅವರು ಹೋಜೋ ಪಕ್ಷಕ್ಕೆ ಸೇರಿದರು, ವಾದಾ ಮನೆತನ ಅಳಿಯಿತು. ಯುದ್ಧ ಗೆದ್ದದ್ದು ಯೋಶಿತೊಕಿ; ಯೋಧರ ಮೇಲ್ವಿಚಾರಣೆಯ ಕಚೇರಿಯೂ ಆಮೇಲೆ ಅವನ ಪಾಲಿಗೇ ಬಂತು. ಆದರೆ ಆ ಮಧ್ಯಾಹ್ನ ಅವನ ಕೈಯಲ್ಲಿಲ್ಲದ ಒಂದು ವಸ್ತು ಸಾನೆತೊಮೊನ ಕೈಯಲ್ಲಿತ್ತು. ನಿಮ್ಮ ಬರಹದಲ್ಲಿ ಈ ಘಟನೆಗೆ ಅರ್ಧ ಪುಟವನ್ನಾದರೂ ಕೊಡಿ. ಹೆಸರಿನ ಅರಸನ ಹೆಸರು ಕೆಲಸ ಮಾಡುವುದನ್ನು ಕಣ್ಣಾರೆ ತೋರಿಸುವ ಇಂಥ ಪ್ರಸಂಗಗಳು ಸಿಗುವುದು ಅಪರೂಪ.

‘ಆಗದು’ ಎಂದದ್ದು ಎಲ್ಲೆಲ್ಲಿ

ಮುಂದಿನ ಹಂತವಾಗಿ, ಅವನು ಏನನ್ನು ನಿರಾಕರಿಸಿದ, ಏನನ್ನು ಕೇಳಿ ಪಡೆಯಲಾಗಲಿಲ್ಲ, ಏನನ್ನು ಕ್ಷಮಿಸಿದ ಎಂಬುದನ್ನು ಹುಡುಕಿ ಬರೆದುಕೊಳ್ಳಿ. ಅಧಿಕಾರದ ಗಡಿ ಇಂಥ ಕಡೆ ಸ್ಪಷ್ಟವಾಗಿ ಕಾಣುತ್ತದೆ. 1204ರಲ್ಲಿ ಅವನಿಗೆ ಆಶಿಕಾಗಾ ಮನೆತನದ ಹೆಣ್ಣನ್ನು ತರುವ ಮಾತು ನಡೆದಿತ್ತು. ಅವನು ಒಪ್ಪದ ಕಾರಣ ಕ್ಯೋಟೋದ ಆಸ್ಥಾನಿಕ ಬೋಮೊನ್ ನೊಬುಕಿಯೊನ ಮಗಳು ಬಂದಳು ಎನ್ನುತ್ತದೆ ವೃತ್ತಾಂತ. ಹನ್ನೆರಡು ವರ್ಷದ ಹುಡುಗನ ಇಷ್ಟವೊಂದೇ ಇದಕ್ಕೆ ಕಾರಣ ಎಂದು ನಂಬುವುದು ಕಷ್ಟ. ನೊಬುಕಿಯೊ ನಿವೃತ್ತ ಚಕ್ರವರ್ತಿ ಗೋ-ತೋಬಾನ ಸೋದರಮಾವ ಎಂಬುದನ್ನು ಪಕ್ಕದಲ್ಲೇ ಬರೆದಿಡಿ.

1209ರ ಎರಡು ಪ್ರಸಂಗಗಳಿಗೆ ಹೆಚ್ಚು ತೂಕವಿದೆ. ಯೋಶಿತೊಕಿ ತನ್ನ ಮನೆಯ ಪರಿವಾರದವರಲ್ಲಿ ಸೇವೆ ಸಲ್ಲಿಸಿದವರನ್ನು ಶೋಗುನ್‌ನ ನೇರ ಯೋಧರಿಗೆ ಸಮನಾಗಿ ನಡೆಸಿಕೊಳ್ಳಬೇಕೆಂದು ಕೇಳಿದ. ಅವರ ಮಕ್ಕಳು ಮೊಮ್ಮಕ್ಕಳು ತಮ್ಮ ಮೂಲವನ್ನು ಮರೆತು ಮುಂದೆ ತೊಡಕು ಮಾಡುತ್ತಾರೆ ಎಂದು ಹೇಳಿ ಸಾನೆತೊಮೊ ಅದನ್ನು ನಿರಾಕರಿಸಿದ. ಆಗ ಅವನಿಗೆ ಹದಿನೇಳು ವರ್ಷ. ಹೋಜೋಗಳಿಗೆ ಒಲವಿದ್ದ ವೃತ್ತಾಂತವೇ ಇದನ್ನು ದಾಖಲಿಸಿದೆ ಎಂಬುದರಿಂದ ಇದರ ವಿಶ್ವಾಸಾರ್ಹತೆ ಹೆಚ್ಚುತ್ತದೆ. ಅದೇ ವರ್ಷ ವಾದಾ ಯೋಶಿಮೋರಿ ಕಾಝುಸಾ ಪ್ರಾಂತದ ಅಧಿಪತ್ಯ ಬೇಡಿದಾಗ ಸಾನೆತೊಮೊನಿಗೆ ಒಲವಿತ್ತು, ಆದರೆ ಯೋರಿತೊಮೊನ ಕಾಲದ ಕಟ್ಟಳೆಗೆ ಅದು ವಿರುದ್ಧ ಎಂದು ತಾಯಿ ತಡೆದಳು. ಸೋದರಮಾವನಿಗೆ ಆಗದು ಎನ್ನಬಲ್ಲವನು ತಾಯಿಯ ಮಾತನ್ನು ಮೀರಲಾರದೆ ಹೋದ. 1213ರ ವಸಂತದಲ್ಲಿ ಹೋಜೋಗಳ ವಿರುದ್ಧ ಇಝುಮಿ ಚಿಕಾಹಿರಾ ಎಂಬ ಯೋಧ ಹೂಡಿದ್ದ ಸಂಚು ಬಯಲಾದಾಗ ಸೆರೆಸಿಕ್ಕ ವಾದಾನ ಇಬ್ಬರು ಮಕ್ಕಳನ್ನು ಸಾನೆತೊಮೊ ಅವರ ತಂದೆಯ ಹಳೆಯ ಸೇವೆಯನ್ನು ನೆನೆದು ಕ್ಷಮಿಸಿದ. ಮರುದಿನ ವಾದಾ ತನ್ನ ಕುಲದ ತೊಂಬತ್ತೆಂಟು ಮಂದಿಯೊಂದಿಗೆ ಬಂದು ಸೋದರನ ಮಗ ತಾನೆನಾಗಾನನ್ನೂ ಬಿಡಬೇಕೆಂದು ಬೇಡಿದಾಗ ಬೇಡಿಕೆ ತಿರಸ್ಕೃತವಾಯಿತು, ತಾನೆನಾಗಾನ ಕೈಕಟ್ಟಿ ಅವರೆಲ್ಲರ ಕಣ್ಣೆದುರೇ ನಡೆಸಿಕೊಂಡು ಹೋದರು. ಎರಡು ತಿಂಗಳಲ್ಲಿ ವಾದಾ ದಂಗೆಯೆದ್ದ. ಸಾನೆತೊಮೊನ ಕರುಣೆ ಎಲ್ಲಿಯವರೆಗೆ ನಡೆಯುತ್ತಿತ್ತು, ಎಲ್ಲಿ ನಿಲ್ಲುತ್ತಿತ್ತು ಎಂಬುದನ್ನು ಈ ಎರಡು ದಿನಗಳು ತೋರಿಸುತ್ತವೆ.

ದಿನನಿತ್ಯದ ಸಣ್ಣ ನಮೂದುಗಳನ್ನು ಬಿಡಬೇಡಿ. ಹಾಕೊನೆ, ಇಝು, ಮಿಶಿಮಾ ಕ್ಷೇತ್ರಗಳಿಗೆ ಶೋಗುನ್ ಖುದ್ದಾಗಿ ಯಾತ್ರೆ ಹೋಗಬೇಕಿತ್ತು. ಅದು ಅವನ ಪದವಿಗೆ ಸೇರಿದ ಕರ್ತವ್ಯ. 1208ರಲ್ಲಿ ಸಿಡುಬು ಬಂದು ಮುಖದಲ್ಲಿ ಕಲೆ ಉಳಿದ ಮೇಲೆ ಸುಮಾರು ಮೂರು ವರ್ಷ ಅವನು ತ್ಸುರುಗಾಓಕಾ ಹಾಚಿಮಾನ್ ದೇವಾಲಯಕ್ಕೆ ಹೋಗಲಿಲ್ಲ. 1214ರಲ್ಲಿ ಹಿಂದಿನ ರಾತ್ರಿಯ ಮದ್ಯದಿಂದ ಬಳಲಿದ್ದಾಗ ಝೆನ್ ಗುರು ಎಯ್‌ಸಾಯ್ ಒಂದು ಬಟ್ಟಲು ಚಹಾವನ್ನೂ ಚಹಾದ ಗುಣಗಳನ್ನು ಕುರಿತ ಬರಹವೊಂದನ್ನೂ ಕಳಿಸಿದ. ಇಂಥ ವಿವರಗಳಿಂದ ಮನುಷ್ಯ ಕಣ್ಣಿಗೆ ಕಟ್ಟುತ್ತಾನೆ.

ಪದ್ಯಗಳನ್ನು ಸಾಕ್ಷಿಯಾಗಿ ಬಳಸುವಾಗ

ಸಾನೆತೊಮೊ ಜಪಾನಿನ ದೊಡ್ಡ ಕವಿಗಳಲ್ಲಿ ಒಬ್ಬ. ಇದನ್ನು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ತಂದೆಯ ಪದ್ಯಗಳು ಸೇರಿವೆ ಎಂದು ಕೇಳಿ 1205ರಲ್ಲಿ ‘ಶಿನ್ ಕೊಕಿನ್‌ಶೂ’ ಸಂಕಲನವನ್ನು ತರಿಸಿಕೊಂಡ. 1209ರಲ್ಲಿ ತನ್ನ ಮೂವತ್ತು ಪದ್ಯಗಳನ್ನು ತೇಕಾನ ಪರಿಶೀಲನೆಗೆ ಕಳಿಸಿದ. ತೇಕಾ ಅವುಗಳ ಜೊತೆಗೆ ಕಾವ್ಯವನ್ನು ಕುರಿತ ಒಂದು ಪ್ರಬಂಧವನ್ನೂ, 1213ರಲ್ಲಿ ಪ್ರಾಚೀನವಾದ ‘ಮಾನ್‌ಯೋಶೂ’ವಿನ ಪ್ರತಿಯನ್ನೂ ಕಳಿಸಿಕೊಟ್ಟ. ಸಾನೆತೊಮೊನ ಸಂಗ್ರಹ ‘ಕಿಂಕಾಯ್ ವಾಕಾಶೂ’. ಹಾಕೊನೆಯ ದಾರಿ ದಾಟಿ ಬಂದವನಿಗೆ ಇಝು ಸಮುದ್ರವೂ ದೂರದ ಪುಟ್ಟ ದ್ವೀಪಕ್ಕೆ ಬಂದು ತಾಗುವ ಅಲೆಯೂ ಒಮ್ಮೆಗೇ ಕಾಣುವ ಪದ್ಯ, ದಡಕ್ಕೆ ಗುಡುಗುತ್ತಾ ಬಂದ ಅಲೆ ಒಡೆದು, ಪುಡಿಯಾಗಿ, ಸೀಳಿ, ಚದುರುವ ಪದ್ಯ ಅದರಲ್ಲಿವೆ.

ಇಲ್ಲೊಂದು ಬಲೆಯಿದೆ. ಅವನ ಸಾವಿನ ಕಥೆ ಗೊತ್ತಿರುವ ಓದುಗರು ಈ ಪದ್ಯಗಳಲ್ಲಿ ಮುಂಬರುವ ಕೊಲೆಯ ನೆರಳನ್ನು ಕಾಣುತ್ತಾರೆ. ಆದರೆ ತೇಕಾನ ಕೈಬರಹವನ್ನೂ ಒಳಗೊಂಡ ಹಸ್ತಪ್ರತಿ 1929ರಲ್ಲಿ ದೊರೆತಾಗ ಅದರ ಮೇಲೆ, ಮೊದಲು ಹೇಳಿದಂತೆ, ಕೆನ್‌ರ್ಯಾಕು ಮೂರನೆಯ ವರ್ಷದ ತಾರೀಖಿತ್ತು. ಅದರಲ್ಲಿರುವ 663 ಪದ್ಯಗಳು ಅವನು ಇಪ್ಪತ್ತೊಂದು ದಾಟಿ ಕೆಲವೇ ತಿಂಗಳಾಗಿದ್ದಾಗಿನವು ಅಥವಾ ಅದಕ್ಕೂ ಹಿಂದಿನವು. ಸಾವು ಇನ್ನೂ ಐದು ವರ್ಷ ದೂರವಿತ್ತು. ಕೊನೆಯ ವರ್ಷಗಳ ಮನಃಸ್ಥಿತಿಗೆ ಈ ಪದ್ಯಗಳನ್ನು ಸಾಕ್ಷಿಯಾಗಿ ತರುವಂತಿಲ್ಲ. ಪದ್ಯ ಬಳಸುವುದಾದರೆ ಸಂದರ್ಭ ತಿಳಿದಿರುವುದನ್ನು ಆರಿಸಿ. 1211ರ ಅತಿವೃಷ್ಟಿಯ ಪದ್ಯ ಅಂಥದ್ದು: ಮಳೆಯೂ ಹೊತ್ತು ಮೀರಿದರೆ ಪ್ರಜೆಗಳಿಗೆ ದುಃಖ, ಎಂಟು ಮಹಾ ನಾಗರಾಜರೇ, ನಿಲ್ಲಿಸಿ ಎಂಬ ಪ್ರಾರ್ಥನೆ ಅದು. ಆ ಎಂಟು ನಾಗರಾಜರು ಬೌದ್ಧ ಸದ್ಧರ್ಮಪುಂಡರೀಕ ಸೂತ್ರದ ಮೂಲಕ ಜಪಾನಿಗೆ ಹೋದವರು. ನಮಗೆ ಪರಿಚಿತರಾದ ವಾಸುಕಿ, ತಕ್ಷಕರೂ ಅವರಲ್ಲಿದ್ದಾರೆ. ಪ್ರಜೆಗಳಿಗಾಗಿ ದೇವತೆಗಳೊಡನೆ ಮಾತಾಡುವ ಹೊಣೆ ಅರಸನದು, ಶಿಕ್ಕೆನ್‌ನದಲ್ಲ. ಈ ಹದಿನೆಂಟರ ತರುಣ ಅದನ್ನು ನಾಗರಾಜರಿಗೇ ಆಜ್ಞೆ ಕೊಡುವ ದನಿಯಲ್ಲಿ ನೆರವೇರಿಸಿದ್ದಾನೆ.

ವಿಫಲವಾದದ್ದನ್ನು ಬರೆಯುವ ರೀತಿ

1216ರಲ್ಲಿ ಚೀನಾದ ಕುಶಲಕರ್ಮಿ ಚಿನ್ ನಾಕೆಯ್ ಕಾಮಾಕುರಾಕ್ಕೆ ಬಂದ. ನಾರಾದ ತೋದಾಯ್‌ಜಿಯ ಮಹಾಬುದ್ಧನ ಪುನರ್ನಿರ್ಮಾಣದಲ್ಲಿ ಕೆಲಸ ಮಾಡಿದವನು ಅವನು. ಸಾನೆತೊಮೊನನ್ನು ನೋಡಿದೊಡನೆ ಕಣ್ಣೀರಿಟ್ಟು, ಹಿಂದಿನ ಜನ್ಮದಲ್ಲಿ ನೀವು ಸೋಂಗ್ ದೇಶದ ಪರ್ವತವೊಂದರ ಹಿರಿಯ ಭಿಕ್ಷು, ನಾನು ನಿಮ್ಮ ಶಿಷ್ಯ ಎಂದ. ಕೆಲವು ವರ್ಷಗಳ ಹಿಂದೆ ಸಾನೆತೊಮೊ ಕಂಡಿದ್ದ ಕನಸಿನಲ್ಲೂ ಇದೇ ಮಾತು ಬಂದಿತ್ತು. ಆ ಸ್ಥಳವನ್ನು ಸಾಮಾನ್ಯವಾಗಿ ಚೀನಾದ ಅಶೋಕ ಪರ್ವತ ಎಂದು ಗುರುತಿಸುತ್ತಾರೆ. ನಮ್ಮ ಮಸ್ಕಿಯ ಬಂಡೆಯ ಮೇಲೆ ಹೆಸರು ಕೆತ್ತಿಸಿದ ಅದೇ ಅಶೋಕ ಚಕ್ರವರ್ತಿಯ ಹೆಸರು ಅದಕ್ಕಿದೆ. ಅಲ್ಲಿಗೆ ಹೋಗಲು ಸಾನೆತೊಮೊ ದೊಡ್ಡ ಹಡಗು ಕಟ್ಟಿಸಿದ. ಯೋಶಿತೊಕಿಯೂ ಹಿರೊಮೊತೊನೂ ಬೇಡವೆಂದರು, ಅವನು ಕೇಳಲಿಲ್ಲ. 1217ರ ನಾಲ್ಕನೆಯ ತಿಂಗಳಲ್ಲಿ ನೂರಾರು ಆಳುಗಳು ಯುಯಿಗಾಹಾಮಾ ತೀರದಲ್ಲಿ ಹಡಗನ್ನು ಇಡೀ ಮಧ್ಯಾಹ್ನ ಎಳೆದರೂ ಆ ತೀರ ದೊಡ್ಡ ಹಡಗು ತೇಲುವಂಥದ್ದಾಗಿರಲಿಲ್ಲ. ಅದು ಮರಳಿನಲ್ಲೇ ಉಳಿದು ಕೊಳೆಯಿತು.

ಬಹಳಷ್ಟು ಬರಹಗಳು ಇದನ್ನು ಹುಚ್ಚಾಟದಂತೆ ಹೇಳುತ್ತವೆ. ನಿಮ್ಮ ಬರಹದಲ್ಲಿ ಮೊದಲು ಘಟನೆಯನ್ನು ಇದ್ದ ಹಾಗೆ ಹೇಳಿ, ಆಮೇಲೆ ಪ್ರಶ್ನೆಗಳನ್ನು ಕೇಳಿ. ಹಡಗು ಕಟ್ಟಲು ಮರ, ಹಣ, ನೂರಾರು ಆಳುಗಳು ಅವನ ಮಾತಿಗೆ ಒದಗಿದ್ದು ಹೇಗೆ? ಇಬ್ಬರು ಅತಿ ಪ್ರಬಲರ ವಿರೋಧದ ನಡುವೆಯೂ ಕೆಲಸ ತೀರದವರೆಗೆ ಸಾಗಿದ್ದು ಹೇಗೆ? ದೇಶ ಬಿಟ್ಟು ಹೊರಡುವ ನಿಜವಾದ ಆಸೆ ಅದರಲ್ಲಿತ್ತು ಎಂಬುದು ನನ್ನ ಅಭಿಪ್ರಾಯ. ಚೀನಾದೊಂದಿಗಿನ ವ್ಯಾಪಾರವೇ ಉದ್ದೇಶವಾಗಿತ್ತು ಎಂಬ ವಾದವೂ ಇದೆ. ಅಭಿಪ್ರಾಯವನ್ನು ಅಭಿಪ್ರಾಯವೆಂದೇ ಬರೆದರೆ ಓದುಗ ತಾನೇ ತೂಗಿ ನೋಡುತ್ತಾನೆ.

ಅದೇ 1216ರ ಒಂಬತ್ತನೆಯ ತಿಂಗಳಲ್ಲಿ ಹಿರೊಮೊತೊ ಅವನಿಗೆ ಬುದ್ಧಿ ಹೇಳಿದ: ಇಷ್ಟು ಬೇಗ ಆಸ್ಥಾನದ ದೊಡ್ಡ ಪದವಿಗಳನ್ನು ಏರುವುದು ಒಳ್ಳೆಯದಲ್ಲ, ಶೋಗುನ್ ಪದವಿಯೊಂದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಬಿಡಿ. ಮಿನಾಮೊತೊ ನೇರ ವಂಶ ತನ್ನೊಂದಿಗೆ ಮುಗಿಯುತ್ತದೆ, ತನಗೆ ಮಕ್ಕಳಾಗುವುದಿಲ್ಲ, ಹಾಗಾಗಿ ಪದವಿಗಳಿಂದ ಮನೆತನದ ಹೆಸರನ್ನಾದರೂ ಎತ್ತಿಹಿಡಿಯುತ್ತೇನೆ ಎಂದು ಸಾನೆತೊಮೊ ಉತ್ತರಿಸಿದ. ಈ ಮಾತನ್ನು ಹಾಗೇ ಅವನ ಬಾಯಿಗೆ ಹಾಕುವ ಮುನ್ನ ಇದು ವಂಶ ಮುಗಿದುಹೋದ ಮೇಲೆ ಸಂಕಲಿಸಿದ ವೃತ್ತಾಂತದಲ್ಲಿದೆ ಎಂಬುದನ್ನು ನೆನೆಯಿರಿ. ಆದರೆ ಅದಕ್ಕೆ ಪೂರಕವಾದ ಇನ್ನೊಂದು ಸಂಗತಿ ಕ್ಯೋಟೋ ಕಡೆಯಿಂದ ಸಿಗುತ್ತದೆ: 1218ರಲ್ಲಿ ಮಸಾಕೊ ಕ್ಯೋಟೋಗೆ ಹೋಗಿ, ರಾಜಕುಮಾರನೊಬ್ಬನನ್ನು ಮುಂದಿನ ಶೋಗುನ್ ಆಗಿ ತರುವ ಬಗ್ಗೆ ಗೋ-ತೋಬಾನ ಆಪ್ತೆಯೊಂದಿಗೆ ಮಾತಾಡಿದ್ದನ್ನು ಜಿಯೆನ್ ಬರೆದಿದ್ದಾನೆ. ಮಕ್ಕಳಿಲ್ಲದ ಶೋಗುನ್ ಉತ್ತರಾಧಿಕಾರದ ಬಗ್ಗೆ ಬದುಕಿರುವಾಗಲೇ ಯೋಚಿಸುತ್ತಿದ್ದ ಎಂಬ ಮಟ್ಟಿಗೆ ನಾವು ಧೈರ್ಯವಾಗಿ ಹೇಳಬಹುದು. ಆ ವರ್ಷದ ಕೊನೆಯಲ್ಲಿ ಅವನು ಬಲಮಂತ್ರಿಯಾದ; ಅದು ಆಸ್ಥಾನದ ಅತಿ ದೊಡ್ಡ ಪದವಿಗಳಲ್ಲೊಂದು.

ಕೊಲೆ, ಮತ್ತು ಅದರ ಎರಡು ವರದಿಗಳು

ಬಲಮಂತ್ರಿ ಪದವಿಗೆ ಕೃತಜ್ಞತೆ ಸಲ್ಲಿಸುವ ವಿಧಿ ನಡೆದದ್ದು 1219ರ ಮೊದಲ ಚಾಂದ್ರಮಾಸದ ಇಪ್ಪತ್ತೇಳರ ರಾತ್ರಿ, ಅಂದರೆ ಫೆಬ್ರವರಿ 13ರಂದು, ತ್ಸುರುಗಾಓಕಾ ಹಾಚಿಮಾನ್ ದೇವಾಲಯದಲ್ಲಿ. ಎರಡಡಿಗೂ ಮೀರಿ ಹಿಮ ಬಿದ್ದಿತ್ತು. ವಿಧಿ ಮುಗಿಸಿ ಇಳಿದು ಬರುತ್ತಿದ್ದಾಗ ಯೊರಿಯಿಯೆಯ ಮಗ, ಆ ದೇವಾಲಯದ ಮುಖ್ಯಸ್ಥನೂ ಆಗಿದ್ದ ಕುಗ್ಯೋ ಅವನನ್ನು ಕಡಿದು ಕೊಂದ. ಕತ್ತಿ ಹಿಡಿದು ಜೊತೆಯಲ್ಲಿದ್ದ ಮಿನಾಮೊತೊ ನಾಕಾಅಕಿರಾನೂ ಸತ್ತ. ಕುಗ್ಯೋ ಅದೇ ರಾತ್ರಿ ಕಾಮಾಕುರಾದ ಪ್ರಬಲ ಯೋಧ ಮಿಯುರಾ ಯೋಶಿಮುರಾನ ಆಳುಗಳಿಂದ ಹತನಾದ.

ಯೋಶಿತೊಕಿ ಎಲ್ಲಿದ್ದ? ಕತ್ತಿ ಹಿಡಿಯಬೇಕಿದ್ದವನು ಅವನೇ; ದೇವಾಲಯದ ಬಳಿ ದಿಢೀರನೆ ಅಸ್ವಸ್ಥನಾಗಿ ಕತ್ತಿಯನ್ನು ನಾಕಾಅಕಿರಾನಿಗೆ ಒಪ್ಪಿಸಿ ಮನೆಗೆ ಹೋದ, ಬಿಳಿಯ ನಾಯಿಯ ರೂಪದಲ್ಲಿ ದೈವವೇ ಅವನನ್ನು ಎಚ್ಚರಿಸಿತ್ತು ಎನ್ನುತ್ತದೆ ‘ಅಜುಮಾ ಕಾಗಾಮಿ’. ಸಾನೆತೊಮೊನೇ ಅವನಿಗೆ ಮಧ್ಯದ ಬಾಗಿಲಿನಲ್ಲಿ ನಿಲ್ಲಲು ಹೇಳಿದ್ದ, ಕುಗ್ಯೋ ನಾಕಾಅಕಿರಾನನ್ನು ಯೋಶಿತೊಕಿ ಎಂದು ಭಾವಿಸಿ ಕೊಂದ ಎನ್ನುತ್ತಾನೆ ಜಿಯೆನ್. ಕೊಲೆಯ ಹಿಂದೆ ಯೋಶಿತೊಕಿಯಿದ್ದನೇ, ಮಿಯುರಾ ಇದ್ದನೇ, ಕುಗ್ಯೋ ಒಬ್ಬನೇ ಮಾಡಿದನೇ ಎಂಬ ವಾದ ಇಂದಿಗೂ ಮುಗಿದಿಲ್ಲ. ಎರಡು ವರದಿಗಳನ್ನೂ ಓದುಗರ ಮುಂದಿಟ್ಟು, ಯಾವುದು ಘಟನೆಗೆ ಎಷ್ಟು ಹತ್ತಿರದ್ದು ಎಂದು ತಿಳಿಸಿದರೆ ನಿಮ್ಮ ಕರ್ತವ್ಯ ಮುಗಿಯಿತು. ಅಪರಾಧಿಯನ್ನು ಹೆಸರಿಸುವ ಆಸೆಗೆ ಬೀಳಬೇಡಿ. ಹೊರಡುವ ಮುನ್ನ ಅಂಗಳದ ಪ್ಲಮ್ ಮರವನ್ನು ಕುರಿತು ಅವನು ಹೇಳಿದನೆನ್ನುವ ವಿದಾಯದ ಪದ್ಯ ಹಿಂದಿನ ಪ್ರಸಿದ್ಧ ಪದ್ಯಗಳನ್ನು ಬಲವಾಗಿ ಹೋಲುತ್ತದೆ. ಬಹುತೇಕ ಅದು ಆಮೇಲೆ ಸೇರಿದ್ದು. ಕುಗ್ಯೋ ಮರೆಯಾಗಿ ಕಾದಿದ್ದನೆನ್ನುವ ಗಿಂಕ್ಗೊ ಮರ 2010ರ ಮಾರ್ಚ್ 10ರಂದು ಗಾಳಿಗೆ ಉರುಳಿತು, ಆದರೆ ಆ ಮರದ ಕಥೆ ‘ಅಜುಮಾ ಕಾಗಾಮಿ’ಯಲ್ಲಿಲ್ಲ, ಶತಮಾನಗಳ ನಂತರದ್ದು. ಇವನ್ನು ದಂತಕಥೆಗಳೆಂದೇ ಹೇಳಿ ಬಳಸುವುದಕ್ಕೆ ಅಡ್ಡಿಯಿಲ್ಲ.

ಸಾವಿನ ನಂತರದ ಏಳು ವರ್ಷ

ಹೆಸರಿನ ಅರಸನ ಜೀವನಚರಿತ್ರೆಯನ್ನು ಅವನ ಸಾವಿನೊಂದಿಗೆ ನಿಲ್ಲಿಸಬಾರದು. ಅವನ ಜಾಗ ಖಾಲಿಯಾದಾಗ ಏನಾಯಿತು ಎಂಬುದೂ ಅವನ ಚರಿತ್ರೆಯ ಭಾಗವೇ. ಕಾಮಾಕುರಾ ಕೂಡಲೇ ರಾಜಕುಮಾರನನ್ನು ಕಳಿಸಲು ಕೇಳಿತು. ಗೋ-ತೋಬಾ ಕಳಿಸಲಿಲ್ಲ, ತನ್ನ ಇನ್ನೊಬ್ಬ ಆಪ್ತೆಯ ಜಹಗೀರುಗಳಿಂದ ಕಾಮಾಕುರಾದ ಮೇಲ್ವಿಚಾರಕರನ್ನು ತೆಗೆಯಿರಿ ಎಂದು ತಿರುಗಿ ಕೇಳಿದ. ಯೋಶಿತೊಕಿ ತನ್ನ ತಮ್ಮನ ಜೊತೆ ಸಾವಿರ ಕುದುರೆ ಸವಾರರನ್ನು ಕ್ಯೋಟೋಗೆ ಕಳಿಸಿದರೂ ರಾಜಕುಮಾರ ಸಿಗಲಿಲ್ಲ. ಕೊನೆಗೆ ಕುಜೋ ಮನೆತನದ, ಯೋರಿತೊಮೊನ ಸೋದರಿಯ ಸಂತತಿಗೆ ಸೇರಿದ, ಒಂದೂವರೆ ವರ್ಷದ ಮಗು ಮಿತೋರಾನನ್ನು 1219ರಲ್ಲೇ ಕರೆತಂದರು. ಸಾನೆತೊಮೊ ಬದುಕಿದ್ದಾಗ ಗೋ-ತೋಬಾನೊಂದಿಗಿದ್ದ ಪತ್ರ, ಪದ್ಯ, ಬಾಂಧವ್ಯದ ಎಳೆ ಕಡಿದುಹೋಗಿತ್ತು. 1221ರಲ್ಲಿ ಗೋ-ತೋಬಾ ಯೋಶಿತೊಕಿಯ ವಿರುದ್ಧ ಯುದ್ಧ ಘೋಷಿಸಿದ. ಆ ಹೊತ್ತಿನಲ್ಲಿ ಕಾಮಾಕುರಾದ ಯೋಧರನ್ನು ಒಗ್ಗೂಡಿಸಿದ್ದು ಯೋಶಿತೊಕಿಯ ಹೆಸರಲ್ಲ. ಸನ್ಯಾಸಿನಿಯಾಗಿದ್ದ ಮಸಾಕೊ ಅವರ ಮುಂದೆ ಯೋರಿತೊಮೊನ ಉಪಕಾರವನ್ನು ನೆನಪಿಸಿದಳು ಎಂದು ವೃತ್ತಾಂತ ಹೇಳುತ್ತದೆ.

ಯುದ್ಧ ಗೆದ್ದ ಮೇಲೂ, ದೇಶದಲ್ಲಿ ತಮಗೆ ಎದುರಾಳಿಯೇ ಇಲ್ಲದಾದಾಗಲೂ, ಹೋಜೋಗಳು ಶೋಗುನ್ ಪದವಿಯನ್ನು ತಾವು ತೆಗೆದುಕೊಳ್ಳಲಿಲ್ಲ. ಮಿತೋರಾ ಬೆಳೆಯುವವರೆಗೆ ಕಾದರು, ಯೊರಿತ್ಸುನೆ ಎಂಬ ಹೆಸರಿನಿಂದ 1226ರಲ್ಲಿ ಅವನನ್ನು ಶೋಗುನ್ ಮಾಡಿದರು, ಅವನು ಪ್ರಾಯಕ್ಕೆ ಬಂದು ಸುತ್ತ ಗುಂಪು ಕಟ್ಟಿಕೊಳ್ಳತೊಡಗಿದಾಗ 1244ರಲ್ಲಿ ಇಳಿಸಿ ಅವನ ನಾಲ್ಕು ವರ್ಷದ ಮಗನನ್ನು ಕೂರಿಸಿದರು. 1252ರಲ್ಲಿ, ಮೊದಲು ಬಯಸಿದ್ದಂತೆ, ರಾಜಕುಮಾರನೊಬ್ಬನೇ ಬಂದ. ನಿಮ್ಮ ಪಟ್ಟಿಯ ಹಾಳೆಯನ್ನು 1252ರವರೆಗೆ ಮುಂದುವರಿಸಿ ಈ ಇಸವಿಗಳನ್ನೂ ವಯಸ್ಸುಗಳನ್ನೂ ಅದರಲ್ಲಿ ತುಂಬಿಕೊಂಡ ನಂತರವೇ ಸಾನೆತೊಮೊನ ಕುರಿತ ಮೊದಲ ವಾಕ್ಯವನ್ನು ಬರೆಯಲು ಕೂರಿ.